ಬೈಗುಳಕ್ಕೊಂದು ಒಪ್ಪಿಗೆ ಪತ್ರ

ಶುಕ್ರವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ, ಹೂಡಿಯಲ್ಲಿ ನಾನು ಹುಟ್ಟಿದ ಮನೆಯ ನೆಲಮಹಡಿ. ಹಾಜರಿದ್ದವರು ನಾಲ್ವರು: ನನ್ನ ಅವ್ವ ಮುನಿಯಮ್ಮ, ತಮ್ಮ ನಾರಾಯಣಪ್ಪ, ಅಮೆರಿಕದಿಂದ ಬಂದಿದ್ದ ಮೊಮ್ಮಗಳು ಇಂಚರ, ಮತ್ತು ನಿವೃತ್ತ ವಾರ್ಡ್ ಸಿಸ್ಟರ್ ಆದ ನಾನು, ಸರೋಜಮ್ಮ. ಆ ದಿನದ ಕೆಲಸ ಎರಡು. ಅವ್ವ ಬೈಯುವುದನ್ನು ರೆಕಾರ್ಡ್ ಮಾಡಿಕೊಳ್ಳುವುದು. ಆ ಬೈಗುಳವನ್ನು ಹಾಡಿನಲ್ಲಿ ಬಳಸಲು ತನ್ನ ಅಡ್ಡಿಯಿಲ್ಲವೆಂಬ ಒಪ್ಪಿಗೆ ಪತ್ರಕ್ಕೆ ಅವ್ವನ ಸಹಿ ಹಾಕಿಸುವುದು. ಇಂಚರಳ ವಿಮಾನ ಮರುದಿನ ಬೆಳಿಗ್ಗೆ. ನಾನು ಹಿಂದಿನ ದಿನವೇ ವೇಳಾಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ: ಒಂಬತ್ತಕ್ಕೆ ತಿಂಡಿ, ಹತ್ತರಿಂದ ಹನ್ನೊಂದೂವರೆ ಬೈಗುಳ, ಹನ್ನೊಂದೂವರೆಗೆ ಸಹಿ, ಒಂದಕ್ಕೆ ಊಟ. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ಡ್ಯೂಟಿ ಚಾರ್ಟು ಬರೆದವಳಿಗೆ ಇದೊಂದು ದೊಡ್ಡ ಕೆಲಸವೇ ಎಂದುಕೊಂಡಿದ್ದೆ.

ಇಂಚರಳ ಪರಿಚಯ ಮೊದಲು ಮುಗಿಸುತ್ತೇನೆ. ನನ್ನ ಮಗಳೂ ನರ್ಸು. ಮದುವೆಯಾಗಿ ಅಮೆರಿಕ ಸೇರಿದಳು, ಇವಳು ಅಲ್ಲೇ ಹುಟ್ಟಿದಳು. ಮಗಳಿಗೆ ಅಲ್ಲಿನ ಪರೀಕ್ಷೆಗಳೂ ರಾತ್ರಿ ಪಾಳಿಯೂ ಒಟ್ಟಿಗೆ ಬಂದಾಗ ಐದು ವರ್ಷದ ಇಂಚರಳನ್ನು ತಂದು ಇಲ್ಲಿ ಬಿಟ್ಟಳು. ನನಗೂ ಆಗ ಡ್ಯೂಟಿಯಿತ್ತು. ಹಾಗಾಗಿ ಮೂರು ವರ್ಷ ಅವಳನ್ನು ಸಾಕಿದ್ದು ಅವ್ವ, ಅಂದರೆ ಮೂರು ವರ್ಷ ಅವಳನ್ನು ಬೈದದ್ದು ಅವ್ವ. ಎಂಟಕ್ಕೆ ವಾಪಸು ಹೋದ ಹುಡುಗಿಗೆ ಈಗ ಇಪ್ಪತ್ತನಾಲ್ಕು, ಉದ್ಯೋಗ ರ‍್ಯಾಪ್. ಗೊತ್ತಿಲ್ಲದವರಿಗೆ ಹೇಳುವುದಾದರೆ, ತಾಳ ಬಿಡದೆ, ಉಸಿರು ತೆಗೆದುಕೊಳ್ಳದೆ, ಪ್ರಾಸ ಹಾಕಿ ಜೋರಾಗಿ ಮಾತಾಡುವುದು. ಕಾಲೇಜಿನ ಕಾರು ನಿಲ್ಲಿಸುವ ಜಾಗದಲ್ಲಿ ಗೆಳತಿಯರ ಮುಂದೆ ಶುರುವಾದದ್ದು ಆಮೇಲೆ ಸಣ್ಣ ಸಣ್ಣ ಕ್ಲಬ್ಬುಗಳಿಗೆ ಹೋಯಿತು. ಈಗ ಜನ ಟಿಕೆಟ್ ಕೊಂಡು ಬಂದು ನಿಂತುಕೊಂಡೇ ಕೇಳುತ್ತಾರೆ. ವೇದಿಕೆಯ ಮೇಲೆ ಅವಳ ಹೆಸರು ಹೂಡಿ. ಊರ ಹೆಸರನ್ನೇ ಇಟ್ಟುಕೊಂಡಿದ್ದಾಳೆ. ಅಲ್ಲಿಯವರು ಮಾತ್ರ ಅದನ್ನು 'ಹುಡಿ', ಅಂದರೆ ತಲೆಗೆ ಟೋಪಿ ಇರುವ ಸ್ವೆಟರು, ಎಂದು ತಿಳಿದು, ಕಾಗುಣಿತ ತಪ್ಪಿದೆ ಎಂದು ತಿದ್ದುತ್ತಾರಂತೆ. ಅವ್ವನ ಅಭಿಪ್ರಾಯ ಬೇರೆ.

"ಊಡಿ ಅಂತ ಎಸ್ರು ಮಡಿಕ್ಕಂಡವ್ಳಲ್ಲ, ನೇಗ್ಲು ಊಡಕ್ಕಾದ್ರೂ ಬತ್ತದಾ ಇವಳ್ಗೆ?"

ಇಂಚರಳಿಗೆ ಹೆಸರು ತಂದ ಹಾಡಿನಲ್ಲಿ ಅವಳ ಇಂಗ್ಲಿಷಿನ ನಡುನಡುವೆ ಅವ್ವನ ದನಿ ಬರುತ್ತದೆ. ಒಂಬತ್ತು ವರ್ಷದ ಹಿಂದೆ ರಜೆಗೆ ಬಂದಿದ್ದಾಗ ಅವ್ವ ಎಬ್ಬಿಸುತ್ತ ಬೈದದ್ದನ್ನು ಇವಳು ಕಂಬಳಿಯೊಳಗಿಂದಲೇ ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದಳು. ಅದು ಹೀಗಿದೆ.

"ಏಳೇ ಏಳೇ ಏಳೇ! ಬಿಸ್ಲು ಬಂದು ಬೆನ್ ಸುಟ್ಟದೆ, ಕೋಳಿ ಕೂಗಿ ಕಾಳ್ ತಿಂದದೆ, ನೀನಿನ್ನೂ ಕಂಬ್ಳಿ ಕಚ್ಕಂಡು ಬಿದ್ದಿದ್ದೀಯಲ್ಲೇ, ನಿನ್ ಕಟ್ಕಳೋನ್ ಕತೆ ಏನೇ?"

ಲಾಸ್ ಏಂಜಲಿಸ್ ಎಂಬ ದೊಡ್ಡ ಊರನ್ನು ಅಲ್ಲಿನವರು ಚಿಕ್ಕದಾಗಿ 'ಎಲ್-ಏ' ಎನ್ನುತ್ತಾರೆ. ಅವ್ವನ 'ಏಳೇ' ಅವರ ಕಿವಿಗೆ ತಮ್ಮೂರ ಹೆಸರಾಗಿ ಕೇಳಿಸಿದೆ. ಯಾರೋ ಅಜ್ಜಿ ಇಷ್ಟು ಅಭಿಮಾನದಿಂದ ತಮ್ಮೂರನ್ನು ಮೂರು ಸಲ ಕೂಗುತ್ತಿದ್ದಾಳಲ್ಲ ಎಂದು ಊರಿಗೆ ಊರೇ ಆ ಹಾಡನ್ನು ತಲೆಯ ಮೇಲೆ ಹೊತ್ತುಕೊಂಡಿತು. ಇಂಚರ ತಿದ್ದಲು ನೋಡಿದಳಂತೆ, ಯಾರೂ ಕೇಳಲಿಲ್ಲ. ಅಲ್ಲಿನ ಒಂದು ಪತ್ರಿಕೆಯಂತೂ ನಮ್ಮವ್ವನನ್ನು 'ಹೂಡಿ ಬುಡಕಟ್ಟಿನ ಮೌಖಿಕ ಕಾವ್ಯದ ಕೊನೆಯ ಕೊಂಡಿ' ಎಂದು ಬರೆಯಿತು. ಹೂಡಿಯಲ್ಲಿ ಬುಡಕಟ್ಟು ಇಲ್ಲ. ಅವ್ವ ಕಾವ್ಯ ಹೇಳಿದವಳಲ್ಲ. ಕೊನೆಯ ಕೊಂಡಿ ಎಂಬುದನ್ನು, ತಾನೂ ಬೈಯಬಲ್ಲೆನೆಂದು, ನನ್ನ ತಮ್ಮನ ಹೆಂಡತಿ ಒಪ್ಪುವುದಿಲ್ಲ. ಈಗ ಮೊದಲ ಪೂರ್ತಿ ಆಲ್ಬಮ್ ಬರಬೇಕು. ಫೋನಿನ ರೆಕಾರ್ಡಿಂಗಿನಲ್ಲಿ 'ಕತೆ ಏನೇ' ಎಂಬಲ್ಲಿಗೆ ಸರಿಯಾಗಿ ಕುಕ್ಕರು ಸೀಟಿ ಹೊಡೆದಿದೆ. ಹೊಸದಾಗಿ, ಚೊಕ್ಕವಾಗಿ ಬೈದದ್ದು ಬೇಕು, ಬೈದವರ ಸಹಿಯೂ ಬೇಕು, ಇಲ್ಲದಿದ್ದರೆ ಆ ಹಾಡನ್ನೇ ಆಲ್ಬಮ್ಮಿನಿಂದ ಬಿಟ್ಟುಬಿಡುತ್ತೇವೆ ಎಂದು ಕಂಪನಿಯವರು ಹೇಳಿದ್ದರು. ಹುಡುಗಿ ಅದಕ್ಕೇ ಬಂದಿದ್ದಳು.

ಬೈಗುಳಕ್ಕೆ ನಮ್ಮ ಮನೆಯಲ್ಲಿ ಏನು ಸ್ಥಾನವಿತ್ತು ಎಂಬುದನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಈ ಮಹಡಿ ಮನೆ ಏಳುವ ಮೊದಲು ಇಲ್ಲಿ ನಮ್ಮದು ಮೂರಂಕಣದ ಹೆಂಚಿನ ಮನೆಯಾಗಿತ್ತು. ಈಗ ಬಾಡಿಗೆದಾರರ ಬೈಕುಗಳು ನಿಲ್ಲುವಲ್ಲಿ ಕೊಟ್ಟಿಗೆ, ಲಿಫ್ಟು ಇರುವಲ್ಲಿ ಒರಳುಕಲ್ಲು. ಅಪ್ಪ ಸೊಪ್ಪು ತರಕಾರಿ ಬೆಳೆಯುತ್ತಿದ್ದ, ಎರಡು ಹಸುಗಳಿದ್ದವು, ಗಡಿಯಾರವಿರಲಿಲ್ಲ. ಅದರ ಅಗತ್ಯ ಯಾರಿಗೂ ಬೀಳಲಿಲ್ಲ. ಕತ್ತಲಿರುವಾಗಲೇ ಹಸುಗಳಿಗೆ ಬೈಗುಳ ಬಿದ್ದರೆ ಹಾಲು ಕರೆಯುವ ಹೊತ್ತು. ನನಗೂ ನಾಣಿಗೂ ಬಿದ್ದರೆ ಏಳುವ ಹೊತ್ತು. ನಾರಾಯಣಪ್ಪನನ್ನು ಆಗಲೂ ಈಗಲೂ ಎಲ್ಲರೂ ನಾಣಿ ಎಂದೇ ಕರೆಯುವುದು. ಒಲೆಗೆ ಬೈಗುಳ ಬಿದ್ದರೆ ಸೌದೆ ಹಸಿಯಾಗಿದೆ, ಸ್ಕೂಲಿಗೆ ಹೊರಡುವಷ್ಟರಲ್ಲಿ ಊಟ ಆಗುವುದಿಲ್ಲ ಎಂದು ಅರ್ಥ. ಬೀದಿಯವರೂ ಅದನ್ನೇ ನೆಚ್ಚಿಕೊಂಡಿದ್ದರು. ಒಂದು ಸಲ ಅವ್ವನಿಗೆ ಗಂಟಲು ಕಟ್ಟಿ ದನಿಯೇ ಹೊರಡಲಿಲ್ಲ. ಆ ದಿನ ಬೀದಿಯ ಅರ್ಧ ಜನ ಎದ್ದದ್ದು ಬಿಸಿಲೇರಿದ ಮೇಲೆ. ಅಪ್ಪ ಸೊಪ್ಪಿನ ಕುಕ್ಕೆ ತಲೆಯ ಮೇಲಿಟ್ಟುಕೊಂಡು, ಬೆಳಗಾಯಿತೋ ಇಲ್ಲವೋ ಎಂಬ ಅನುಮಾನದಲ್ಲಿ ಅಂಗಳದಲ್ಲೇ ನಿಂತಿದ್ದ.

ಅವ್ವ ಬೈಯುವುದಕ್ಕೆ ಒಂದು ದಾರಿಯಿತ್ತು. ಮೊದಲು ಆದ ತಪ್ಪು, ಆಮೇಲೆ ತಪ್ಪು ಮಾಡಿದವರ ಅಪ್ಪನ ವಂಶ (ಅಪ್ಪ ಅಲ್ಲೇ ಕೂತು ತಲೆಯಾಡಿಸುತ್ತಿದ್ದ), ಅಲ್ಲಿಂದ ಮುಂದೆ ಸಿಗಲಿರುವ ಅತ್ತೆಯ ಮನೆ, ಅಲ್ಲಿ ಆಗಲಿರುವ ಅವಮಾನ, ಕೊನೆಗೆ ತಿರುಗಿ ಅದೇ ತಪ್ಪಿಗೆ ಬಂದು ನಿಲ್ಲುವುದು. ನಡುವೆ ಉಸಿರು ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಸಾಯಿ, ಹಾಳಾಗು ಎಂಬ ಮಾತುಗಳು ಅವಳ ಬಾಯಲ್ಲಿ ಬರುತ್ತಿರಲಿಲ್ಲ. ಊಟಕ್ಕೆ ಕೂತಾಗಲೂ ಬಿಡುವಿರಲಿಲ್ಲ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಬೇಕು, ಅಗಿಯುವಂತಿಲ್ಲ. ಅಗಿದರೆ ದವಡೆಯ ಶಬ್ದ ಅವ್ವನಿಗೆ ಅಡುಗೆಮನೆಯಿಂದಲೇ ಕೇಳುತ್ತಿತ್ತು.

"ಯಾರದು ಮುದ್ದೆ ಅಗೀತಿರೋದು? ಅಸ ಮೆಲುಕು ಆಕ್ದಂಗೆ ಆಕ್ತಿದ್ದೀಯಲ್ಲ, ಒಂದು ಬಾಲ ಕಟ್ಲಾ? ಕೊಟ್ಗೆಗೆ ನೂಕ್ಲಾ?"

ಇಷ್ಟೆಲ್ಲ ಇದ್ದರೂ ಒಂದು ಕಟ್ಟುನಿಟ್ಟು ಇತ್ತು. ಅವ್ವ ಬೈಯುವುದು ಮನೆಯವರಿಗೆ ಮಾತ್ರ. ಹೊರಗಿನವರು ಎಂಥ ತಪ್ಪು ಮಾಡಿದರೂ ಬನ್ನಿ, ಕುಂತ್ಕಳಿ, ಉಣ್ಣಿ. ಅಪ್ಪನ ದಾಯಾದಿಯೊಬ್ಬ ನಮ್ಮ ಬೇಲಿಯನ್ನೇ ಎರಡು ಮೊಳ ಈಚೆಗೆ ಸರಿಸಿ ಬಂದು ಕೂತರೂ ಅವನಿಗೆ ಮಜ್ಜಿಗೆ ಸಿಕ್ಕಿತು. ಅವನು ಹೋದ ಮೇಲೆ ಬೈಸಿಕೊಂಡವನು ಅಪ್ಪ. ಈ ಕಟ್ಟುನಿಟ್ಟಿನ ಬಿಸಿ ನನಗೆ ತಟ್ಟಿದ್ದು ಮದುವೆಯಾದ ಮೇಲೆ. ಗಂಡನ ಮನೆಯಿಂದ ಮೊದಲ ಸಲ ಬಂದು ಮಲಗಿದವಳಿಗೆ ಎಚ್ಚರವಾದಾಗ ಬಿಸಿಲು ಮುಖದ ಮೇಲಿತ್ತು. ಯಾರೂ ಎಬ್ಬಿಸಿರಲಿಲ್ಲ. ಅವ್ವ ಬಾಗಿಲಲ್ಲಿ ನಿಂತು 'ಎದ್ಯಾ ತಾಯಿ, ನೀರು ಕಾದವೆ' ಎಂದಳು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ನನ್ನನ್ನು ಕೊಟ್ಟಾಯಿತು ಎಂದು ಗೊತ್ತಾದದ್ದು ಧಾರೆಯ ದಿನವಲ್ಲ, ಆ ಬೆಳಿಗ್ಗೆ.

ಈಗ ಶುಕ್ರವಾರಕ್ಕೆ ಬರುತ್ತೇನೆ. ರಸ್ತೆಯ ಹಾರನ್ನು ಕೇಳಿಸಬಾರದೆಂದು ಹಾಸಿಗೆಗಳನ್ನು ಪೇರಿಸಿಡುವ ಹಿಂದಿನ ಕೋಣೆಯನ್ನು ಇಂಚರ ಆರಿಸಿಕೊಂಡಳು. ಸದ್ದಾಗುತ್ತದೆಂದು ಫ್ಯಾನು ಬಂದ್. ಹತ್ತಕ್ಕೆ ಸರಿಯಾಗಿ ಅವ್ವನನ್ನು ಕುರ್ಚಿಯಲ್ಲಿ ಕೂರಿಸಿದೆವು. ಮುಂದೆ ಕೋಲಿನ ಮೇಲೆ ಮೈಕು, ಅದಕ್ಕೆ ಕಂದು ಬಣ್ಣದ ತುಪ್ಪಳದ ಕವಚ.

"ಅದ್ಯಾಕೇ ಮುಂಗ್ಸಿ ಕಟ್ಟಾಕವ್ಳೆ?" ಎಂದಳು ಅವ್ವ.

"ಮುಂಗ್ಸಿ ಅಲ್ಲ ಕಣವ್ವ, ಮೈಕು," ಎಂದ ನಾಣಿ. "ನೀನು ಬೈಯೋದನ್ನ ಅಮೆರಿಕದಲ್ಲಿ ಟಿಕೆಟ್ ತಗೊಂಡು ಕೇಳ್ತಾರೆ."

"ಇಲ್ಲಿದ್ದಾಗ ನೀನು ಬಿಟ್ಟಿಯಾಗೇ ಕೇಳ್ಲಿಲ್ಲ, ಅವ್ರು ಕಾಸು ಕೊಡ್ತಾರಾ?"

ಇದು ಒಳ್ಳೆಯ ಲಕ್ಷಣ ಎಂದು ನಾನು ಗಡಿಯಾರ ನೋಡಿಕೊಂಡೆ. ಆದರೆ ಇಂಚರ ಕಿವಿಗೆ ಹೆಡ್‌ಫೋನು ಹಾಕಿಕೊಂಡು 'ದೊಡ್ಡಜ್ಜಿ, ಬೈರಿ' ಎಂದು ಕೈಮಾಡಿದ ಕೂಡಲೇ ಅವ್ವ ಸೆರಗು ಸರಿಮಾಡಿಕೊಂಡು, ಫೋಟೋಗೆ ಕೂತವಳ ಹಾಗೆ ನೆಟ್ಟಗಾದಳು. ಹಳೆಯ ಮಾತನ್ನೇ ಹೇಳಿಕೊಟ್ಟೆವು. ಅವ್ವ ಒಂದನೆಯ ಕ್ಲಾಸಿನ ಪದ್ಯದಂತೆ ಒಪ್ಪಿಸಿದಳು.

"ಏಳೇ... ಏಳಮ್ಮ ತಾಯಿ. ಬಿಸ್ಲು ಬಂದದೆ. ಕೋಳಿ ಕೂಗ್ಯದೆ. ಇನ್ನೂ ಸ್ವಲ್ಪ ಒತ್ತು ಮಲಗಂಗಿದ್ರೆ ಮಲಗು."

"ಅವ್ವಾ, ಕೋಪದಲ್ಲಿ ಹೇಳು," ಎಂದೆ.

"ಕ್ವಾಪ ಬಂದ್ರಲ್ವೇನೇ? ಮೊಗ ಅಷ್ಟು ದೂರದಿಂದ ಬಂದದೆ, ಸೊರಗೋಗ್ಯದೆ. ಅದ್ಕೆ ಬೈಯಿ ಅಂತೀಯಲ್ಲ, ನಿಂಗೇನು ಬುದ್ಧಿ ಇಲ್ವಾ?"

ನನಗೆ ಬುದ್ಧಿಯಿಲ್ಲ ಎಂಬುದನ್ನೂ ಅವಳು ಬಹಳ ಮೆತ್ತಗೆ ಹೇಳಿದಳು. ಹನ್ನೊಂದೂವರೆಯವರೆಗೆ ಇದೇ ಆಯಿತು. ನಾಣಿ ಒಂದು ಉಪಾಯ ಮಾಡಿ, ಚಪ್ಪಲಿ ಹಾಕಿಕೊಂಡೇ ದೇವರ ಮನೆಯ ಮುಂದೆ ಮೂರು ಸಲ ಓಡಾಡಿದ. ಚಿಕ್ಕವನಿದ್ದಾಗ ಇಷ್ಟಕ್ಕೇ ಅವನಿಗೆ ಪೊರಕೆಯ ಏಟು ಬಿದ್ದದ್ದು ನನಗೆ ನೆನಪಿದೆ. ಅವ್ವ ನೋಡಿದಳು, ನಕ್ಕಳು. 'ಮನೇಗೆ ಜನ ಬಂದವ್ರೆ, ಆಮೇಲೆ ಮಾತಾಡನ' ಎಂದಳು. ನಾನು ಹಾಲು ಉಕ್ಕಿಸುವುದೆಂದು ತೀರ್ಮಾನಿಸಿ ಒಲೆಯ ಮುಂದೆ ನಿಂತೆ. ಹಾಲು ಅಂಚಿಗೆ ಬಂದಾಗ ನನ್ನ ಕೈ ನನ್ನ ಮಾತು ಕೇಳದೆ ಗ್ಯಾಸು ಆರಿಸಿಬಿಟ್ಟಿತು. ಎರಡನೆಯ ಸಲವೂ ಹಾಗೇ ಆಯಿತು.

ಊಟದಲ್ಲಿ ಇಂಚರ ತನ್ನ ಕೊನೆಯ ಅಸ್ತ್ರ ತೆಗೆದಳು. ಮುದ್ದೆ ಬಾಯಿಗಿಟ್ಟು ಅವ್ವನ ಮುಖವನ್ನೇ ನೋಡುತ್ತ ಕಚಕಚ ಅಗಿಯತೊಡಗಿದಳು. ಮಂಚದ ಕಾಲಿಗೆ ಮೈಕು ಕಟ್ಟಿಟ್ಟಿದ್ದಳು. ನಾಣಿಯೂ ನಾನೂ ತುತ್ತು ಹಿಡಿದುಕೊಂಡು ಕಾದೆವು.

"ಅಗಿ ತಾಯಿ, ಅಗಿ," ಎಂದಳು ಅವ್ವ. "ನಿಂಗೆ ಅಭ್ಯಾಸ ಇಲ್ಲ. ಇರು, ಒಸಿ ಅನ್ನ ಇಕ್ತೀನಿ."

ಹುಡುಗಿಯ ದವಡೆ ನಿಂತುಹೋಯಿತು. ಅವ್ವ ಬಡಿಸಿದ ಅನ್ನವನ್ನು ತಲೆ ತಗ್ಗಿಸಿಕೊಂಡು ತಿಂದಳು, ತಟ್ಟೆ ತೊಳೆದಿಟ್ಟಳು, ಹಿಂದಿನ ಕೋಣೆಗೆ ಹೋಗಿ ಹಾಸಿಗೆಗಳಿಗೆ ಒರಗಿ ಕೂತಳು. ಹಾಡು ಹೋಯಿತೆಂದು ಬೇಸರವೇ ಎಂದು ಕೇಳಿದೆ.

"ಹಾಡು ಹೋದ್ರೆ ಇನ್ನೊಂದು ಬರೀತೀನಿ ಅಜ್ಜಿ," ಎಂದಳು. "ಅಲ್ಲಿ ಸ್ಟೇಜ್ ಮೇಲೆ ನಿಂತು ಎಲ್ರಿಗೂ ಹೇಳ್ತೀನಿ, ನಾನು ಹೂಡಿಯವಳು, ನಮ್ಮ ಮನೇಲಿ ಹೀಗೆ ಎಬ್ಬಿಸ್ತಾರೆ ಅಂತ. ದೊಡ್ಡಜ್ಜಿ ನನ್ನ ಗೆಸ್ಟ್ ಮಾಡ್ಬಿಟ್ರು."

ನನ್ನ ಬಚ್ಚಲು ಮನೆಯ ವಿಷಯ ಅವಳಿಗೆ ಹೇಳಬಹುದಿತ್ತು. ಬದಲಿಗೆ ಗಡಿಯಾರ ನೋಡಿದೆ. ವೇಳಾಪಟ್ಟಿಯಲ್ಲಿ ಆಗಲೇ ನಾಲ್ಕು ಗಂಟೆ ಹಿಂದೆ ಬಿದ್ದಿದ್ದೆವು. ಒಂದು ಕೆಲಸ ಕೆಟ್ಟರೆ ಇನ್ನೊಂದನ್ನಾದರೂ ಮುಗಿಸಬೇಕು ಎಂಬುದು ವಾರ್ಡಿನಲ್ಲಿ ಕಲಿತ ಪಾಠ. ಹಳೆಯ ರೆಕಾರ್ಡಿಂಗನ್ನೇ ಕುಕ್ಕರು ಸಮೇತ ಹಾಕಿಕೊಳ್ಳಲಿ, ಸಹಿಯಾದರೂ ಆಗಲಿ ಎಂದುಕೊಂಡೆ. 'ಸಾಮಾನು ಕಟ್ಟು' ಎಂದು ಅವಳಿಗೆ ಹೇಳಿದೆ. ಅವಳು ಮೈಕನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು.

ಒಪ್ಪಿಗೆ ಪತ್ರ ತೆಗೆದುಕೊಂಡು ನಡುಮನೆಗೆ ಹೋದೆ. ಅವ್ವ ಮಂಚದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಇಲ್ಲಿ ನನ್ನ ಕೈಯ ಅಭ್ಯಾಸದ ವಿಷಯ ಹೇಳಬೇಕು. ಆಪರೇಷನ್ನಿಗೆ ಮೊದಲು ರೋಗಿಯ ಕಡೆಯವರಿಂದ ಒಪ್ಪಿಗೆ ಪಡೆಯುವುದು ವಾರ್ಡ್ ಸಿಸ್ಟರ್ ಕೆಲಸ. ಸೀರೆಯುಟ್ಟ ವಯಸ್ಸಾದ ಹೆಂಗಸು ಎದುರಿಗಿದ್ದರೆ ಪೆನ್ನು ಕೊಡುತ್ತಿರಲಿಲ್ಲ. ಸಮಯ ಉಳಿಯಲೆಂದು ಮೊದಲೇ ಇಂಕ್ ಪ್ಯಾಡು ತೆರೆದು, ಅವರ ಎಡಗೈ ಹಿಡಿದು, ಹೆಬ್ಬೆಟ್ಟು ಒತ್ತಿಸಿ, ಒರೆಸಿಕೊಳ್ಳಲು ಹತ್ತಿ ಕೊಡುತ್ತಿದ್ದೆ. ಎಷ್ಟು ಸಾವಿರ ಬೆರಳು ಹಿಡಿದಿದ್ದೇನೋ. ಆ ಸಂಜೆಯೂ ಬೀರುವಿನಿಂದ ಇಂಕ್ ಪ್ಯಾಡು ತಂದೆ, ತೆರೆದೆ, ಅವ್ವನ ಎಡಗೈ ಹಿಡಿದುಕೊಂಡೆ.

ಅವ್ವ ಕೈ ಕಿತ್ತುಕೊಂಡಳು. ಅವರೆಕಾಯಿಯ ಮೊರ ನೆಲಕ್ಕೆ ಬಿತ್ತು.

"ಎಬ್ಬೆಟ್ಟಾ? ಯಾರದೇ ಎಬ್ಬೆಟ್ಟು? ನಾನೇನು ಎಬ್ಬೆಟ್ಟಿನೋಳೇನೇ ಸರೋಜಿ? ಇದೇ ಮನೇಲಿ ಬೀಸಾಕಲ್ಲಿನ ಪಕ್ಕ ರಾಗಿಹಿಟ್ಟು ಅರ್ಡಿ ನನ್ ಬೆಟ್ಟು ಇಡ್ದು ನನ್ ಎಸ್ರು ಬರ್ಸಿದ್ದು ಯಾರೇ, ನಿಮ್ಮತ್ತೇನಾ? ಮೂಗಲ್ಲಿ ಸಿಂಬ್ಳ ಸುರ್ಸ್ಕಂಡು 'ಅವ್ವ ಸೊನ್ನೆ ಸುತ್ತು, ಅವ್ವ ಬಾಲ ಎಳಿ' ಅಂತಿದ್ದೋಳು ಯಾರೇ? ಸಿಸ್ಟರ್ ಆದ್ಲಂತೆ ಸಿಸ್ಟರ್, ಬಿಳೀ ಟೋಪಿ ಆಕ್ಕಂಡು ಬಂದೋರ್ಗೆಲ್ಲಾ ಮಸಿ ಮೆತ್ತಿದ್ಲಂತೆ, ಕೊನೇಗೆ ಎತ್ತವ್ವನ ಬೆಟ್ಟಿಗೇ ಮಸಿ ತಂದವ್ಳೆ! ನಿಮ್ಮಪ್ಪನ್ ಮನೇರು ಮೂರು ತಲೆ ಎಬ್ಬೆಟ್ಟು ಒತ್ತಿ ಒತ್ತಿ ಒಲ ಕಳ್ದ್ರು, ಆ ಬುದ್ಧಿ ನಿಂಗೆ ಬಂದದೆ. ಅದೇನ್ ಚೀಟಿ ಅಂಟಿಸ್ತೀಯೋ, ಅದೇನ್ ಟೈಮ್ ನೋಡ್ತೀಯೋ, ಗಳ್ಗೆ ಗಳ್ಗೆಗೂ ಗಡಿಯಾರ ನೆಕ್ಕೋಳು ಅವ್ವನ್ ಕೇಳ್ದೆ ಕೈ ಇಡ್ದ್ಯಲ್ಲೇ, ಕೇಳ್ದ್ಯಾ, ಒಂದ್ ಮಾತು ಕೇಳ್ದ್ಯಾ?"

ಅರವತ್ತೆಂಟು ವರ್ಷದ ನಾನು ಇಂಕ್ ಪ್ಯಾಡನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ನೆಟ್ಟಗೆ ನಿಂತಿದ್ದೆ. ರಾಗಿಹಿಟ್ಟಿನದು ನಿಜ. ಎರಡನೆಯ ಕ್ಲಾಸಿನಲ್ಲಿದ್ದೆ, ದಿನಾ ಸಂಜೆ ಹಿಟ್ಟು ಹರಡಿ ಬರೆಸುತ್ತಿದ್ದೆ, ಅವ್ವ ಬರೆದು, ನೋಡಿ, ಅದೇ ಹಿಟ್ಟನ್ನು ಬಳಿದು ಮುದ್ದೆಗೆ ಹಾಕುತ್ತಿದ್ದಳು. ಅದು ನನಗೆ ಪೂರ್ತಿ ಮರೆತುಹೋಗಿತ್ತು.

ಬಾಗಿಲಲ್ಲಿ ಇಂಚರ ಬಾಯಿ ತೆರೆದು ನಿಂತಿದ್ದಳು.

"ಅಯ್ಯೋ, ಮೈಕ್ ಡಬ್ಬೀಲಿದೆ! ದೊಡ್ಡಜ್ಜಿ, ಪ್ಲೀಸ್, ಹಂಗೇ ಇರಿ, ಇನ್ನೊಂದ್ಸಲ, ಫಸ್ಟಿಂದ!"

ಕೋಣೆಗೆ ಓಡಿ, ಡಬ್ಬಿ ಕಿತ್ತು, ವೈರು ಎಳೆದುಕೊಂಡು ವಾಪಸು ಓಡಿಬಂದಳು. ಬರುವ ಅವಸರದಲ್ಲಿ ಚೆಲ್ಲಿದ ಅವರೆಕಾಳಿನ ಮೇಲೆ ಎರಡು ಕಾಲೂ ಇಟ್ಟಳು. ಕೆಂಪು ಲೈಟು ಹತ್ತಿದ್ದನ್ನು ನಾನು ಕಣ್ಣಾರೆ ನೋಡಿದೆ. ಅವ್ವ ನನ್ನಿಂದ ತಿರುಗಿ ಅವಳ ಕಾಲು ನೋಡಿದಳು.

"ಕಾಳ್ ತುಳೀತೀಯೇನೇ! ಕಣ್ಣು ಮಂಡೆ ಮೇಲೆ ಮಡಿಕ್ಕಂಡಿದ್ದೀಯಾ? ಇನ್ನೊಂದ್ಸಲ ಅಂತೆ, ಪಸ್ಟಿಂದ ಅಂತೆ, ನಾನೇನು ನಿನ್ ಪೀಪೀನಾ ಊದ್ದಾಗ ಊದಾಕೆ? ಒಂಬತ್ತು ವರ್ಸ! ಒಂಬತ್ತು ವರ್ಸ ಆದ್ಮೇಲೆ ಬತ್ತಾಳೆ, ಅಜ್ಜಿ ಎಂಗಿದ್ದೀಯ ಅನ್ನಾಕಿಲ್ಲ, ಮುಂಗ್ಸಿ ತಂದು ಮುಸುಡಿ ಮುಂದೆ ಇಡ್ತಾಳೆ! ಮಂಡಿ ತಾವ ಅರ್ದೋಗಿರೋ ಚಡ್ಡಿ, ಒಲ್ಯಾಕೆ ಸೂಜಿ ಇಲ್ವಾ ನಿಮ್ಮೂರಲ್ಲಿ? ಮುದ್ದೆ ಅಗೀತಾಳೆ, ಕಾಳು ತುಳೀತಾಳೆ, ಊರೆಸ್ರು ಇಟ್ಕಂಡು ಊರ್ ಮಾನ ಕಳೀತಾಳೆ. ನಿನ್ನತ್ತೆ ಆಗೋಳು ಎಲ್ಲವ್ಳೋ, ಏನ್ ಪಾಪ ಮಾಡವ್ಳೋ... ನಗ್ತೀಯಾ? ನಗ್ತಾಳಲ್ಲ ನಾಣಿ, ಇವಳು!"

"ಇಲ್ಲ ದೊಡ್ಡಜ್ಜಿ," ಎಂದಳು ಇಂಚರ. ಅವಳು ಅಳುತ್ತಲೂ ಇದ್ದಳು. ಅವಳು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ನಾಣಿ ಮೈಕು ಇಸಿದುಕೊಂಡು ಅವ್ವನ ಬಾಯಿಯ ಹತ್ತಿರ ಹಿಡಿದ. ಅವನಿಗೂ ಸಂದಾಯವಾಯಿತು, ಬೆಳಗಿನ ಚಪ್ಪಲಿಯ ಬಾಕಿಯೂ ಸೇರಿ. ನಾನು ಗಡಿಯಾರ ನೋಡಲಿಲ್ಲ. ಎಷ್ಟು ಹೊತ್ತು ನಡೆಯಿತೆಂದು ಬರೆದುಕೊಂಡಿಲ್ಲ. ಮುಗಿದ ಮೇಲೆ ಅವ್ವ ನೀರು ಕುಡಿದಳು. ಕಾಳನ್ನೆಲ್ಲ ನೆಲದಿಂದ ಆರಿಸಿ ತೊಳೆದವಳು ಇಂಚರ. ಎರಡು ಕಾಳು ಮಂಚದ ಕೆಳಗೆ ಉಳಿದವೆಂದು ಅದಕ್ಕೂ ಬೈಸಿಕೊಂಡಳು.

ಆಮೇಲೆ ಪತ್ರ. ಹಾಡಿನಲ್ಲಿ ಇವರ ಪಾತ್ರವೇನು ಎಂದು ಬರೆಯುವ ಖಾನೆಯೊಂದಿತ್ತು. ನಾಣಿ 'ಗಾಯಕಿ ಅಂತ ಹಾಕು' ಎಂದ.

"ಗಾಯ್ಕಿ ಗೀಯ್ಕಿ ಬ್ಯಾಡ," ಎಂದಳು ಅವ್ವ. "ಮನೆ ಯಜಮಾನಿ ಅಂತ ಬರಿ."

ಇಂಚರ ಅದನ್ನೇ ಇಂಗ್ಲಿಷಿನಲ್ಲಿ ಬರೆದಳು. ನಾನು ಪೆನ್ನಿನ ಮುಚ್ಚಳ ತೆಗೆದು ಅವ್ವನಿಗೆ ಕೊಟ್ಟು, 'ಸಹಿ ಹಾಕ್ತೀಯಾ ಅವ್ವಾ?' ಎಂದು ಕೇಳಿದೆ. ಅವ್ವ ಹಾಳೆಯನ್ನು ಮಣೆಯ ಮೇಲಿಟ್ಟುಕೊಂಡು, ನಾಲಿಗೆಯ ತುದಿ ಹೊರಗಿಟ್ಟು, ಒಂದೊಂದೇ ಅಕ್ಷರ ಬರೆದಳು. ನಾವು ಮೂವರೂ ಬಗ್ಗಿ ನೋಡುತ್ತಿದ್ದೆವು. ಮು. ನಿ. ಯ. ಮ. ಅಷ್ಟಕ್ಕೆ ಪೆನ್ನು ಎತ್ತಿ, ಕೆಳಗೊಂದು ಗೆರೆ ಎಳೆದಳು. ಮ-ಒತ್ತು ಬಿಟ್ಟುಹೋಗಿತ್ತು. ಜೀವಮಾನವೆಲ್ಲ ಫಾರಂ ತಿದ್ದಿದ ನನ್ನ ಬಲಗೈ ತಾನಾಗಿಯೇ ಮುಂದಕ್ಕೆ ಹೋಯಿತು. ಅದನ್ನು ಹಿಂದಕ್ಕೆ ಎಳೆದು ಸೆರಗಿನಲ್ಲಿ ಸುತ್ತಿಕೊಂಡೆ. ಇಂಚರ ಹಾಳೆಯ ಮೇಲೆ ಊದಿ ಮಸಿ ಆರಿಸಿ, ಮಡಿಸದೆ, ಚೀಲದೊಳಗೆ ಇಟ್ಟುಕೊಂಡಳು.